ಮಾಮಾನ ಗೊಬ್ಬರದ ಗಾಡಿ

ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ಎರಡು ಬಕೀಟುಗಳಿವೆ. ಒಂದು ಹಸಿರು, ಒಂದು ನೀಲಿ. ಹಸಿರಿನದರಲ್ಲಿ ಹಸಿ ಕಸ, ನೀಲಿಯದರಲ್ಲಿ ಒಣ ಕಸ. ಇಷ್ಟು ಸರಳವಾದ ಸಂಗತಿ ನನ್ನ ತಲೆಗೆ ಇನ್ನೂ ಹತ್ತಿಲ್ಲವೆಂದರೆ ನೀವು ನಗುತ್ತೀರಿ. ನಗಿರಿ, ನನ್ನ ಹೆಂಡತಿ ನಗುವುದನ್ನು ಬಿಟ್ಟು ಎಷ್ಟೋ ದಿನಗಳಾದವು. ಬೆಳಿಗ್ಗೆ ಕಸದ ಗಾಡಿ ಹಾಡು ಹಚ್ಚಿಕೊಂಡು ಬೆಳಗಾವಿಯ ಮಹಾಂತೇಶ ನಗರದ ನಮ್ಮ ಓಣಿಗೆ ಬಂದ ಕೂಡಲೇ ಎರಡೂ ಕೈಯಲ್ಲಿ ಎರಡು ಬಕೀಟು ಹಿಡಿದುಕೊಂಡು ನಾನು ಓಡುತ್ತೇನೆ. ಗಾಡಿಯ ಹೆಣ್ಣುಮಗಳು ಬಗ್ಗಿ ನೋಡಿ, ಬಾಳೆಹಣ್ಣಿನ ಸಿಪ್ಪೆಯ ಕೆಳಗಿನಿಂದ ಹಾಲಿನ ಪಾಕೀಟು ಎಳೆದು ತೆಗೆದು, ನನ್ನ ಮುಖ ನೋಡುತ್ತಾಳೆ. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಮೊನ್ನೆ ಮಳೆಯ ದೆಸೆಯಿಂದ ಗಾಡಿ ಎರಡು ದಿನ ಬರಲಿಲ್ಲ. ಮೂರನೆಯ ದಿನ ಹಸಿರು ಬಕೀಟಿನ ಮುಚ್ಚಳ ತೆಗೆದೆ. ಒಳಗಿನಿಂದ ಬೆಚ್ಚಗಿನ ಉಸಿರೊಂದು ಬಂದು ಮುಖಕ್ಕೆ ತಾಗಿತು. ಮೂಗು ಮುಚ್ಚಿಕೊಳ್ಳಬೇಕಾದವನು ಮುಚ್ಚಳ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ಅದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ವಾಸನೆ. ಗಾಡಿ ಹಾಡುತ್ತ ಮುಂದಿನ ಓಣಿಗೆ ಹೊರಟುಹೋಯಿತು. ನಾನಾಗಲೇ ಖಾಸಬಾಗದ ಹಳೆಯ ಮನೆಯ ಹಿತ್ತಲಿನಲ್ಲಿದ್ದೆ.

ಆ ಹಿತ್ತಲಿನಲ್ಲಿ ಎರಡೇ ವಸ್ತು. ಒಂದು ಚಂದ್ರಿ, ಇನ್ನೊಂದು ತಿಪ್ಪೆ. ಚಂದ್ರಿ ಅಂದರೆ ನಮ್ಮ ಎಮ್ಮೆ. ಹಣೆಯ ಮೇಲೆ ರೂಪಾಯಿಯಗಲ ಬಿಳಿ ಇತ್ತು, ಅದಕ್ಕೆ ಆ ಹೆಸರು. ಅಪ್ಪ ತೀರಿಕೊಂಡ ಮೇಲೆ ಚಂದ್ರಿಯ ಹಾಲು ಓಣಿಯ ಮನೆಮನೆಗೆ ಹೋಗಿ ನನಗೆ ಸಾಲಿ ಕಲಿಸಿತು. ಅವ್ವನ ಕೈಯಲ್ಲಿ ಮನೆಯ ಕಸವೆಲ್ಲ ಮೂರು ಪಾಲಾಗುತ್ತಿತ್ತು: ಎಮ್ಮೆ ತಿನ್ನುವುದು, ಒಲೆ ತಿನ್ನುವುದು, ತಿಪ್ಪೆ ತಿನ್ನುವುದು. ಬಟಾಣಿ ಸಿಪ್ಪೆ ಎಮ್ಮೆಗೆ, ತೆಂಗಿನ ಚಿಪ್ಪು ಒಲೆಗೆ, ಒಲೆಯ ಬೂದಿ ಮತ್ತೆ ತಿಪ್ಪೆಗೆ. ಮೂರೂ ತಿನ್ನದ ವಸ್ತು ನಮ್ಮ ಮನೆಗೆ ಬರುತ್ತಿದ್ದದ್ದೇ ಅಪರೂಪ. ಅವ್ವನಿಗೆ ಬಣ್ಣದ ಬಕೀಟು ಬೇಕಿರಲಿಲ್ಲ. ದೀಪಾವಳಿಯ ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ, ಚೆಂಡು ಹೂವು ಚುಚ್ಚಿ, ಸಂಜೆ ತಿಪ್ಪೆಯ ಮೇಲೊಂದು ಹಣತೆ ಇಡುತ್ತಿದ್ದಳು. ಖಾನಾಪುರದ ತವರಿನಿಂದ ಆಕೆ ತಂದ ಪದ್ಧತಿ ಅದು. ಸುತ್ತಲೂ ಮಗ್ಗಗಳು ಖಡಖಡ ಅನ್ನುವ ಓಣಿಯಲ್ಲಿ, ಕಸದ ಗುಂಪಿಯ ಮೇಲೆ ಒಂದು ಸಣ್ಣ ದೀಪ ಉರಿಯುತ್ತಿದ್ದುದನ್ನು ನೆನೆದರೆ ಈಗಲೂ ನನಗೆ ಮಂಪರಿಗೆ ಕಣ್ಣು ಎಳೆದಂತಾಗುತ್ತದೆ.

ಆ ತಿಪ್ಪೆಗೆ ಒಬ್ಬ ವಾರಸುದಾರನಿದ್ದ. ಅವ್ವನ ಅಣ್ಣ, ನನ್ನ ಸಿದರಾಯ ಮಾಮಾ. ಖಾನಾಪುರದ ಆಚೆ, ಮಲಪ್ರಭೆಯ ದಂಡೆಗೆ ಅವನ ಭತ್ತದ ಗದ್ದೆ. ವರ್ಷಕ್ಕೆ ಮೂರು ಸಲ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದ. ಸಂಕ್ರಾಂತಿ ಮುಗಿದ ಮೇಲೊಮ್ಮೆ, ಯುಗಾದಿಗೊಮ್ಮೆ, ಮಳೆಗಾಲಕ್ಕೆ ಮುಂಚೆ ಒಮ್ಮೆ. ಬರುವಾಗ ಗಾಡಿಯ ತುಂಬ ಚಂದ್ರಿಗೆ ಭತ್ತದ ಹುಲ್ಲು, ಹೋಗುವಾಗ ಗಾಡಿಯ ತುಂಬ ಗೊಬ್ಬರ. ಬೆಳಗಿನ ಮಂಜಿನಲ್ಲಿ ಮೊದಲು ಎತ್ತಿನ ಗಂಟೆ ಕೇಳಿಸುತ್ತಿತ್ತು, ಆಮೇಲೆ ಹುಲ್ಲಿನ ಗುಡ್ಡವೊಂದು ಓಣಿಯಲ್ಲಿ ತೇಲಿ ಬರುತ್ತಿತ್ತು, ಎಲ್ಲಕ್ಕೂ ಕೊನೆಗೆ ಮಾಮಾನ ಕೆಂಪು ರುಮಾಲು. ಎತ್ತುಗಳನ್ನು ಅವನು ಖಾನಾಪುರದ ಒಂದು ಮರಾಠಿ ಮನೆಯಿಂದ ತಂದಿದ್ದ. ಹೀಗಾಗಿ ಎತ್ತಿನ ಜೊತೆ ಮರಾಠಿ, ನಮ್ಮ ಜೊತೆ ಕನ್ನಡ. 'ಥಾಂಬ ರೇ' ಅಂದರೆ ಎರಡೂ ಗಕ್ಕನೆ ನಿಲ್ಲುತ್ತಿದ್ದವು. ನಾನು 'ನಿಲ್ಲ್ರೋ' ಅಂತ ಎಷ್ಟು ಕೂಗಿದರೂ ನನ್ನ ಕಡೆ ಕಿವಿ ಸಹ ತಿರುಗಿಸುತ್ತಿರಲಿಲ್ಲ.

ಆ ದಿನ ಅವ್ವ ಬೇರೆಯೇ ಹೆಂಗಸಾಗುತ್ತಿದ್ದಳು. ಅಣ್ಣ ಬೆಳಗಿನ ನ್ಯಾರಿ ಮಾಡುವಾಗ ಎದುರಿಗೆ ಕೂತು, ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತ, ತವರಿನ ಒಂದೊಂದು ಗಿಡದ ಹೆಸರು ಹಿಡಿದು ಕ್ಷೇಮ ಕೇಳುತ್ತಿದ್ದಳು. ಆಮೇಲೆ ಇಬ್ಬರೂ ಸೇರಿ ತಿಪ್ಪೆ ಅಗೆಯುತ್ತಿದ್ದರು. ಅವನು ಸಲಿಕೆಯಿಂದ ತುಂಬುವುದು, ಈಕೆ ಬುಟ್ಟಿ ಹೊರುವುದು, ನಡುವೆ ಮುಗಿಯದ ಮಾತು. ಅರ್ಧ ದಿನದ ಆ ಕೆಲಸ ಬೇಗ ಮುಗಿಯಲಿ ಅಂತ ಇಬ್ಬರಲ್ಲಿ ಒಬ್ಬರೂ ಅವಸರ ಮಾಡಿದ್ದನ್ನು ನಾನು ನೋಡಲಿಲ್ಲ.

ಬೇಸಿಗೆಯ ಸೂಟಿಯಲ್ಲಿ ನಾನೂ ಆ ಗಾಡಿಯಲ್ಲಿ ಖಾನಾಪುರಕ್ಕೆ ಹೋಗುತ್ತಿದ್ದೆ. ಗೊಬ್ಬರದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಅವ್ವನ ಹಳೆಯ ಕೌದಿ ಹಾಸಿ ನನ್ನನ್ನು ಮಲಗಿಸುತ್ತಿದ್ದರು. ಕಳಿತ ಗೊಬ್ಬರದ ಹೊಟ್ಟೆಯಲ್ಲಿ ಕಾವು ಇರುತ್ತದೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಆ ಕಾವು ಗೋಣಿ ದಾಟಿ, ಕೌದಿ ದಾಟಿ ಬೆನ್ನಿಗೆ ಬರುತ್ತಿತ್ತು. ಮೇಲೆ ಆಕಾಶ ಅಲುಗಾಡುತ್ತಿತ್ತು, ಗಾಲಿ ಒಂದೇ ಮಾತನ್ನು ತಿರುತಿರುಗಿ ಹೇಳುತ್ತಿತ್ತು, ಮಾಮಾ ಎತ್ತುಗಳಿಗೆ ಮರಾಠಿಯಲ್ಲಿ ಏನೋ ಬುದ್ಧಿ ಹೇಳುತ್ತಿದ್ದ. ಎಲ್ಲಿ ಎಚ್ಚರ ಮುಗಿದು ಎಲ್ಲಿ ನಿದ್ದೆ ಶುರುವಾಯಿತು ಅನ್ನುವುದು ನನಗೆ ಒಮ್ಮೆಯೂ ಗೊತ್ತಾಗಲಿಲ್ಲ. ಆಮೇಲೆ ಎಷ್ಟೋ ಒಳ್ಳೆಯ ಗಾದಿಗಳ ಮೇಲೆ ಮಲಗಿದ್ದೇನೆ, ಅಂಥ ನಿದ್ದೆ ಬಂದಿಲ್ಲ. ಇದನ್ನು ಹೆಂಡತಿಯ ಎದುರು ಒಮ್ಮೆ ಹೇಳಿದೆ. ಹಸಿರು ಬಕೀಟು ತಂದು ತಲೆದೆಸೆಗೆ ಇಡಲೇನು ಅಂತ ಕೇಳಿದಳು.

ಮಾತು ಎಲ್ಲಿಗೋ ಹೋಯಿತು. ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷ ಆಗಿದ್ದ ಕಾಲದ ಮಾತು ಹೇಳಬೇಕಾಗಿದೆ. ಆಗ ನಾನು ಒಂದು ಕಚೇರಿಯಲ್ಲಿ ಟೈಪಿಸ್ಟನಾಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ, ಊರಿನ ರಸ್ತೆಗಳ ಮೇಲೆ ಯಾವುದು ಓಡಬೇಕು ಯಾವುದು ಓಡಬಾರದು ಎಂಬ ಕಾಗದ ಹೊರಡುವ ಕಚೇರಿ ಅಂದರೆ ಸಾಕು. ಊರು ನೋಡನೋಡುತ್ತ ಬೆಳೆಯುತ್ತಿತ್ತು. ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಸ್ಕೂಟರು, ಟೆಂಪೋ. ಸಾಲೆಯ ಹುಡುಗರು ರಸ್ತೆ ದಾಟುವುದು ದಿನಾ ಒಂದು ಸಾಹಸವಾಗಿತ್ತು. ಏನಾದರೂ ಮಾಡಲೇಬೇಕು ಅಂತ ಸಾಹೇಬರು ಒಂದು ಆದೇಶದ ಕರಡು ಕೊಟ್ಟು, ಒಳ್ಳೆಯ ಕನ್ನಡದಲ್ಲಿ ಬರೆದು ಟೈಪು ಮಾಡು ಅಂದರು. ಕರಡಿನಲ್ಲಿ ಇದ್ದದ್ದು ಇಷ್ಟೇ: ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಿಧಾನ ಹೋಗುವ ವಾಹನಗಳು ಪೇಟೆಯ ರಸ್ತೆಗಳಿಗೆ ಬರಕೂಡದು.

ನನಗೆ ಅದು ಬೋಳುಬೋಳಾಗಿ ಕಂಡಿತು. ಕಾಲೇಜಿನಲ್ಲಿ ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡವನು ನಾನು, ಸುಮ್ಮನಿರಲಾದೀತೆ? ನಿಧಾನ ಹೋಗುವ ವಾಹನ ಅಂದರೆ ಜನರಿಗೆ ಹೇಗೆ ತಿಳಿಯಬೇಕು ಅಂತ, 'ಎತ್ತಿನ ಗಾಡಿ, ಟಾಂಗಾ, ಕೈಗಾಡಿ, ತಳ್ಳುಗಾಡಿ ಮೊದಲಾದ' ಎಂದು ಸೇರಿಸಿದೆ. ಎತ್ತಿನ ಗಾಡಿಯನ್ನು ಮೊದಲಿಗೆ ಇಟ್ಟದ್ದು ಓದಲು ಇಂಪಾಗಿರಲಿ ಅಂತ. ಸಾಹೇಬರು ಭೇಷ್ ಅಂದು ಸಹಿ ಹಾಕಿದರು. ಆ ವಾಕ್ಯವನ್ನು ಮನಸ್ಸಿನಲ್ಲೇ ಅನ್ನಿಕೊಳ್ಳುತ್ತ ಅಂದು ನಾನು ಸೈಕಲ್ಲಿನ ಮೇಲೆ ತೇಲುತ್ತ ಮನೆಗೆ ಬಂದೆ. ಹಿತ್ತಲಿನಲ್ಲಿ ಮಾಮಾ ತಂದ ಹುಲ್ಲನ್ನೇ ಚಂದ್ರಿ ಮೆಲ್ಲುತ್ತಿತ್ತು. ಆದರೂ ನನಗೆ ಏನೂ ಹೊಳೆಯಲಿಲ್ಲ ನೋಡಿ.

ಮಳೆಗಾಲಕ್ಕೆ ಮುಂಚಿನ ಸರದಿಗೆ ಮಾಮಾ ಬಂದ. ನಸುಕಿನಲ್ಲಿ ಬಂದದ್ದರಿಂದ ಯಾರೂ ತಡೆಯಲಿಲ್ಲ. ಅವನು ನ್ಯಾರಿಗೆ ಕೂತಾಗ ನಾನು ಮಾತಾಡಿಸಿ ಕಚೇರಿಗೆ ಹೋದೆ. ಆಗಲೂ ಹೊಳೆಯಲಿಲ್ಲ. ಮಧ್ಯಾಹ್ನ ನಮ್ಮ ಬಾಜೂ ಮನೆಯ ಅಕ್ಕೋರು ಕಚೇರಿಗೆ ಫೋನು ಮಾಡಿದರು. ನಿವೃತ್ತ ಶಿಕ್ಷಕಿ ಅವರು, ಇಡೀ ಓಣಿಗೆ ಅವರದೊಂದೇ ಫೋನು. ನಿಮ್ಮ ಮಾಮಾನ ಗಾಡಿಯನ್ನು ಖಾನಾಪುರ ರಸ್ತೆ ಹತ್ತುವ ಮೊದಲೇ ನಿಲ್ಲಿಸಿದ್ದಾರಂತೆ, ಬೇಗ ಹೋಗು ಅಂದರು. ಬಿಸಿಲಿನಲ್ಲಿ ಸೈಕಲ್ಲು ತುಳಿದುಕೊಂಡು ಓಡಿದೆ.

ಚೌಕದ ಅಂಚಿಗೆ, ನೆರಳಿಲ್ಲದ ಕಡೆ, ಗೊಬ್ಬರ ತುಂಬಿದ ಗಾಡಿ ನಿಂತಿತ್ತು. ಎತ್ತುಗಳ ಬಾಯಲ್ಲಿ ನೊರೆ ಬಂದಿತ್ತು. ಎದುರಿನ ಅಂಗಡಿಯವರು ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಸೀಟಿ ಊದಿದರೂ ಎತ್ತುಗಳು ನಿಲ್ಲದ್ದಕ್ಕೆ ಮೊದಲು ಪೊಲೀಸನಿಗೆ ಸಿಟ್ಟು ಬಂದಿತ್ತಂತೆ. ಮಾಮಾ 'ಥಾಂಬ' ಅಂದ ಮೇಲೆಯೇ ಅವು ನಿಂತವಂತೆ. ನಾನು ಹೋಗುವ ಹೊತ್ತಿಗೆ ಸಿಟ್ಟು ಇಳಿದು, ಪಾಪ, ಅವನೇ ಒಂದು ಬಕೀಟು ನೀರು ತಂದು ಎತ್ತಿನ ಮುಂದೆ ಇಟ್ಟಿದ್ದ. ಕಿಸೆಯಿಂದ ಕಾಗದ ತೆಗೆದು ನನಗೆ ತೋರಿಸಿದ.

"ಸಾವಕಾಶ ಹೋಗೂ ಗಾಡಿ ಅಂತ ಅಷ್ಟ ಇದ್ದಿದ್ರ ಕಣ್ಣ ಮುಚ್ಚಿ ಬಿಡ್ತಿದ್ದೆ ರೀ. ಇಲ್ಲಿ ಮೊದಲನೇ ಹೆಸರ ಎತ್ತಿನ ಗಾಡಿ ಐತಿ. ನಾ ಏನ ಮಾಡ್ಲಿ?"

ಮಾಮಾನಿಗೆ ಓದು ಬರುತ್ತಿರಲಿಲ್ಲ. ಏನು ಬರೆದಿದ್ದಾರೆ ಓದಿ ಹೇಳು ಅಂದ. ನಾನು ಕಾಗದ ಕೈಯಲ್ಲಿ ಹಿಡಿದು ಓದಿದೆ. ಓದುವಾಗ ನಾನು ನೋಡುತ್ತಿದ್ದದ್ದು ಎತ್ತಿನ ಬಾಯಿಂದ ಮಣ್ಣಿಗೆ ಬೀಳುತ್ತಿದ್ದ ನೊರೆಯನ್ನು. ಪೂರ್ತಿ ಕೇಳಿದ ಮೇಲೆ ಮಾಮಾ ರುಮಾಲಿನಿಂದ ಮುಖ ಒರೆಸಿಕೊಂಡ.

"ಬರದಾಂವ ಶ್ಯಾಣ್ಯಾ ಅದಾನ," ಅಂದ. "ಯಾವುದನ್ನೂ ಮರತಿಲ್ಲ."

ಬರೆದವನು ನಾನೇ ಅನ್ನದೆ, ಕಾಗದ ಮಡಚಿ ಪೊಲೀಸನಿಗೆ ವಾಪಸು ಕೊಟ್ಟೆ. ಆ ಮಾತು ಹೊಗಳಿಕೆಯಂತೆಯೇ ಇತ್ತು, ಅದಕ್ಕೇ ಅಷ್ಟು ನೋವಾಯಿತು. ಎಂಟು ಹೊಡೆಯುವವರೆಗೆ ಗಾಡಿ ಅಲ್ಲೇ ನಿಂತಿತು. ಅವ್ವ ರೊಟ್ಟಿ ಕಟ್ಟಿಕೊಂಡು ಬಂದು ಅಣ್ಣನ ಜೊತೆ ಗಾಡಿಯ ನೆರಳಿಗೆ ಕೂತಳು. ನಾನು ಕೆಲಸದ ನೆವ ಹೇಳಿ ಕಚೇರಿಗೆ ವಾಪಸು ಹೋದೆ. ನನ್ನ ಮಟ್ಟಿಗೆ ಅದಕ್ಕಿಂತ ನಾಚಿಕೆಗೇಡಿನ ಮಧ್ಯಾಹ್ನ ಇನ್ನೊಂದಿಲ್ಲ.

ಆಮೇಲೆ ಗಾಡಿ ಬರಲಿಲ್ಲ. ಮುಂಜಾನೆ ಎಂಟರೊಳಗೆ ಬಂದರೂ ಹೋಗಲು ರಾತ್ರಿ ಎಂಟರ ದಾರಿ ಕಾಯಬೇಕು, ಮುದಿ ಎತ್ತುಗಳು ತಾಳುವುದಿಲ್ಲ ಅಂತ ಮಾಮಾ ಹೇಳಿ ಕಳಿಸಿದ. ಬೆಳಗಾವಿಯ ಮಳೆ ನಿಮಗೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ತಿಪ್ಪೆ ಏರುತ್ತ ಹೋಯಿತು. ಅದರ ಬುಡದಿಂದ ಕಪ್ಪು ನೀರು ಇಳಿದು ಅಕ್ಕೋರ ಬಾಗಿಲ ಮುಂದೆ ಹರಿಯತೊಡಗಿತು. ಸೊಳ್ಳೆಗಳಾದವು. ಅಕ್ಕೋರ ಮೊಮ್ಮಗಳಿಗೆ ದಮ್ಮು, ಇಡೀ ದಿನ ಕಿಟಕಿ ಹಾಕಿಕೊಂಡು ಕೂತಿರುತ್ತಿತ್ತು ಆ ಕೂಸು. ಒಂದು ದಿನ ಅಕ್ಕೋರು ತಾವೇ ಬಂದು, ಅರ್ಜಿ ಕೊಡಿ ಅಂತ ಓಣಿಯವರು ಹೇಳುತ್ತಿದ್ದಾರೆ, ನನಗೆ ಕೈ ಬರುತ್ತಿಲ್ಲ, ಕೂಸಿನ ಉಸಿರು ಕೇಳಿದರೆ ಸುಮ್ಮನಿರಲೂ ಆಗುತ್ತಿಲ್ಲ ಅಂತ ಕಣ್ಣೀರು ಹಾಕಿದರು. ಅವರ ಮಾತಿನಲ್ಲಿ ಒಂದೂ ತಪ್ಪಿರಲಿಲ್ಲ.

ಎಮ್ಮೆಯನ್ನು ಕೊಟ್ಟುಬಿಡೋಣ, ಪಾಕೀಟಿನ ಹಾಲು ತಂದರಾಯಿತು, ನನಗೂ ಪಗಾರ ಬರುತ್ತದೆ ಅಂತ ಅವ್ವನಿಗೆ ಹೇಳಿದೆ. ಅವ್ವ ಸಿಟ್ಟು ಮಾಡಲಿಲ್ಲ. ಚಂದ್ರಿಯ ಬೆನ್ನು ತಿಕ್ಕುತ್ತಿದ್ದವಳು ಕೈ ನಿಲ್ಲಿಸಿ, ನನ್ನ ಕಡೆ ನೋಡದೆ ಕೇಳಿದಳು.

"ಎಮ್ಮಿ ಹೋದ್ರ, ಅಣ್ಣ ಯಾಕ ಬರ್ತಾನ?"

ಅಲ್ಲಿಯವರೆಗೆ ನಾನು ಅದನ್ನು ಹುಲ್ಲು ಗೊಬ್ಬರದ ವ್ಯವಹಾರ ಅಂದುಕೊಂಡಿದ್ದೆ. ಕರೆಯದೆ, ಹಬ್ಬವಿಲ್ಲದೆ, ಕಾರಣ ಹೇಳದೆ ಅಣ್ಣ ತಂಗಿಯ ಮನೆಗೆ ಬಂದು ಅರ್ಧ ದಿನ ಕೂಡಲು ಅವರಿಬ್ಬರಿಗೂ ಒಂದು ತಿಪ್ಪೆ ಬೇಕಿತ್ತು. ಅದರ ದಾರಿಯನ್ನು ನಾನು ಇಂಪಾದ ಕನ್ನಡದಲ್ಲಿ ಮುಚ್ಚಿದ್ದೆ. ಇನ್ನೊಂದು ಮಾತು. ನಳದಲ್ಲಿ ನೀರು ಬರದಿದ್ದರೂ, ಓಣಿಯ ದೀಪ ಹೋದರೂ, ನಿಮ್ಮ ಸಾಹೇಬರಿಗೆ ಹೇಳು ಅನ್ನುವುದು ಅವ್ವನ ರೂಢಿ. ಈ ಸಂಗತಿಗೆ ಮಾತ್ರ ಒಂದು ದಿನವೂ ಹಾಗೆ ಅನ್ನಲಿಲ್ಲ. ನನ್ನ ನೌಕರಿಗೆ ತೊಂದರೆ ಆಗದಿರಲಿ ಅಂತ ಸುಮ್ಮನಿದ್ದಾಳೆ ಅಂದುಕೊಂಡು ನಾನು ಸಮಾಧಾನಪಟ್ಟೆ.

ಕಡೆಗೆ ಅವ್ವ ತಾನೇ ಗಟ್ಟಿಯಾದಳು. ಕೂಸಿನ ಉಸಿರಿಗಿಂತ ದೊಡ್ಡದು ಯಾವುದೂ ಅಲ್ಲ ಅಂದಳು. ಒಂದು ಟೆಂಪೋ ಬಂತು, ಮೋಟಾರಿನದಾದ್ದರಿಂದ ಯಾರ ಅಡ್ಡಿಯೂ ಇಲ್ಲ. ಅರ್ಧ ತಾಸಿನಲ್ಲಿ ಇಡೀ ತಿಪ್ಪೆ ಅದರ ಹೊಟ್ಟೆ ಸೇರಿತು. ಡ್ರೈವರು ಚಹಾಕ್ಕೂ ನಿಲ್ಲದೆ ಖಾನಾಪುರದ ಹಾದಿ ಹಿಡಿದ. ಎರಡು ದಿನ ಬಿಟ್ಟು ಮಾಮಾ ಬಸ್ಸಿಗೆ ಬಂದು, ಚಂದ್ರಿಯ ಹಗ್ಗ ಹಿಡಿದುಕೊಂಡು ನಡೆಸಿಕೊಂಡೇ ಹೊರಟ. ನಡೆದು ಹೋಗುವ ದನಕರುಗಳ ಹೆಸರನ್ನು ಆದೇಶದಲ್ಲಿ ಸೇರಿಸಲು ನಾನು ಮರೆತಿದ್ದೆ. ನನ್ನ ಮರೆವಿನಿಂದ ಆದ ಒಂದೇ ಉಪಕಾರ ಅದು. ಅವ್ವ ರೈಲ್ವೆ ಗೇಟಿನವರೆಗೆ ಚಂದ್ರಿಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಜೊತೆಗೆ ಹೋಗಿಬಂದಳು. ಓಣಿ ಸ್ವಚ್ಛವಾಯಿತು. ಅಕ್ಕೋರ ಕಿಟಕಿ ತೆರೆಯಿತು, ಕೂಸು ಅಂಗಳಕ್ಕೆ ಬಂದು ಆಡತೊಡಗಿತು. ಅವ್ವ ಅದನ್ನು ನೋಡಿ ನಗುತ್ತಿದ್ದಳು, ಆಮೇಲೆ ಹಿತ್ತಲಿಗೆ ಹೋಗಿ ಖಾಲಿ ಗೂಟದ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದಳು.

ಓಣಿಗೆ ಕಸದ ಕೈಗಾಡಿ ಬರಲು ಶುರುವಾದದ್ದು ಆಗಲೇ. ಎಲ್ಲರೂ ಎಲ್ಲವನ್ನೂ ಅದರಲ್ಲಿ ಸುರಿಯುತ್ತಿದ್ದರು. ಅವ್ವನ ಕೈ ಮಾತ್ರ ಹಳೆಯ ಮೂರು ಪಾಲು ಬಿಡಲಿಲ್ಲ. ಎಮ್ಮೆ ತಿನ್ನುವ ಪಾಲನ್ನು ಕೈಗಾಡಿಗೆ ಹಾಕಲು ಮನಸ್ಸೊಪ್ಪದೆ, ಒಣಗಿದ ರೊಟ್ಟಿ, ಹೂಕೋಸಿನ ದಂಟು, ಬಟಾಣಿ ಸಿಪ್ಪೆ ಎಲ್ಲ ಒಂದು ಕೈಚೀಲಕ್ಕೆ ತುಂಬಿ, ಹದಿನೈದು ದಿನಕ್ಕೊಮ್ಮೆ ಪ್ಯಾಸೆಂಜರ್ ರೈಲಿಗೆ ಖಾನಾಪುರಕ್ಕೆ ಹೊರಡತೊಡಗಿದಳು. ತವರಿಗೆ ಏನು ಒಯ್ಯುತ್ತೀರಿ ಅಂತ ರೈಲಿನ ಹೆಂಗಸರು ಕೇಳಿದರೆ, ನಮ್ಮ ಚಂದ್ರಿಗೆ ಫಳಾರ ಅನ್ನುತ್ತಿದ್ದಳು. ಚಂದ್ರಿ ಯಾರ ಮಗಳು ಅಂತ ಅವರು ಮುಂದೆ ಕೇಳಿದರೆ ಮಾತ್ರ ತುಸು ಯೋಚಿಸುತ್ತಿದ್ದಳಂತೆ.

ಆ ವರ್ಷದ ದೀಪಾವಳಿ ಪಾಡ್ಯಕ್ಕೆ ನಾನೂ ಹೋದೆ. ನನ್ನ ಕೈಯಲ್ಲಿ ಒಂದೇ ನಮೂನೆಯ ಎರಡು ಹಳದಿ ಚೀಲ. ಒಂದರಲ್ಲಿ ಅಣ್ಣನಿಗೆ ಅಂತ ಅವ್ವ ಮಾಡಿದ ಕರ್ಚಿಕಾಯಿ, ಬೇಸನ್ ಉಂಡಿ. ಇನ್ನೊಂದರಲ್ಲಿ ಚಂದ್ರಿಯ ಪಾಲು. ರೈಲಿನ ಕಿಟಕಿಯಲ್ಲಿ ಗದ್ದೆಗಳು ಹಿಂದೆ ಹಿಂದೆ ಹೋಗುತ್ತಿದ್ದವು, ನನಗೆ ಗೋಣಿ ಹಾಸಿದ ಗಾಡಿಯ ನೆನಪು, ಕಣ್ಣು ಅರೆ ಮುಚ್ಚಿದ್ದವು. ಮಾಮಾನ ಮನೆ ಮುಟ್ಟಿದಾಗಲೂ ಪೂರ್ತಿ ತೆರೆದಿರಲಿಲ್ಲ ಅಂತ ಕಾಣುತ್ತದೆ. ನೆಟ್ಟಗೆ ಕೊಟ್ಟಿಗೆಗೆ ಹೋಗಿ ಚಂದ್ರಿಯ ಮುಂದೆ ಒಂದು ಚೀಲ ಸುರಿದೆ, ಇನ್ನೊಂದನ್ನು ತಂದು, ನಾಲ್ಕು ಮಂದಿ ಬೀಗರ ಜೊತೆ ಪಡಸಾಲೆಯಲ್ಲಿ ಕೂತಿದ್ದ ಮಾಮಾನ ಕೈಗೆ ಕೊಟ್ಟೆ. ಮಾಮಾ ಚೀಲದೊಳಗೆ ಕೈ ಹಾಕಿ ಒಂದು ಹೂಕೋಸಿನ ದಂಟು ತೆಗೆದ. ಕೊಟ್ಟಿಗೆಯಲ್ಲಿ ಚಂದ್ರಿ ಕರ್ಚಿಕಾಯಿ ಕರುಂಕರುಂ ಅನ್ನಿಸುವುದು ಎಲ್ಲರಿಗೂ ಕೇಳಿಸಿತು.

ಮಾಮಾ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಆಮೇಲೆ ಬೀಗರ ಕಡೆ ತಿರುಗಿದ.

"ಇವಂದು ಹಿಂಗ. ನೋಡಲಾರದ ಓದತಾನ, ನೋಡಲಾರದ ಕೊಡತಾನ."

ಬೀಗರು ನಕ್ಕರು. ನನಗೆ ನಗು ಬರಲಿಲ್ಲ. ಆ ಚೌಕ, ಆ ಬಿಸಿಲು, ನನ್ನ ಕೈಯಲ್ಲಿದ್ದ ಕಾಗದ, ಎತ್ತಿನ ಬಾಯಿಯ ನೊರೆ ಎಲ್ಲ ಒಮ್ಮೆಗೇ ಬಂದು ಎದುರು ನಿಂತವು. ಕಾಗದದ ಮೇಲೆ ಕಣ್ಣಿಡದೆ ಇಡೀ ಆದೇಶವನ್ನು ನಾನು ಬಾಯಿಪಾಠ ಒಪ್ಪಿಸಿದ್ದೆ. ಅಕ್ಷರ ಬಾರದ ಮಾಮಾ ಅಂದು ನೋಡುತ್ತಿದ್ದದ್ದು ನನ್ನ ಕಣ್ಣನ್ನು.

ಸಂಜೆ ಅವ್ವ ಹಣತೆ ಹಚ್ಚಿ ನನ್ನ ಕೈಗೆ ಕೊಟ್ಟು, ಮಾಮಾನ ಜೊತೆ ಹೋಗಿ ತಿಪ್ಪೆಯ ಮೇಲೆ ಇಟ್ಟು ಬಾ ಅಂದಳು. ಮನೆಯ ಹಿಂದೆ ಹೊಳೆಯ ಕಡೆಯಿಂದ ಮಂಜು ಏಳುತ್ತಿತ್ತು. ಬರೆದವನು ನಾನೇ ಅಂತ ಅವ್ವನಿಗೂ ಗೊತ್ತೇನು ಅಂತ ನಾನು ಕೇಳಿದೆ. ಅವತ್ತೇ ಗಾಡಿಯ ನೆರಳಿನಲ್ಲಿ ಕೂತಾಗ ಆಕೆಗೆ ಹೇಳಿದ್ದೆ, ಅವನಾಗಿ ಬಾಯಿ ಬಿಡುವವರೆಗೆ ಏನೂ ಕೇಳಬೇಡ ಅಂದಿದ್ದೆ ಅಂದ ಮಾಮಾ. ಅಂದರೆ ಇಷ್ಟು ತಿಂಗಳು ಅವ್ವ ನನಗೆ ರೊಟ್ಟಿ ಬಡಿದು ಹಾಕಿದ್ದು, ಚಂದ್ರಿಯನ್ನು ಕಳಿಸಿ ಬಂದು ಉಣ್ಣಲು ಕರೆದಿದ್ದು, ಎಲ್ಲ ಗೊತ್ತಿದ್ದೇ. ತಪ್ಪಾಯಿತು ಮಾಮಾ ಅಂದೆ. ಅವನು ನನ್ನ ಹೆಗಲ ಮೇಲೆ ಕೈ ಇಟ್ಟ.

"ನೀ ಬರೀದಿದ್ರ ಮತ್ತೊಬ್ಬಾಂವ ಬರೀತಿದ್ದ. ಆ ಮತ್ತೊಬ್ಬಾಂವ ನನಗ ಓದಿ ಹೇಳಾಕ ಬಿಸಲಾಗ ಓಡಿ ಬರ್ತಿದ್ದನೇನು? ದೀಪಾ ಇಡು. ಗಾಳಿ ಬಿಟ್ಟೈತಿ."

ಬಗ್ಗಿ ಇಟ್ಟೆ. ತಿಪ್ಪೆ ಅಂಗೈಗೆ ಬೆಚ್ಚಗಿತ್ತು. ಟೆಂಪೋದಲ್ಲಿ ಬಂದ ನಮ್ಮ ಖಾಸಬಾಗದ ಪಾಲೂ ಅದರೊಳಗೆ ಎಲ್ಲೋ ಸೇರಿತ್ತು.

ಈಗ ಅವ್ವನೂ ಇಲ್ಲ, ಮಾಮಾನೂ ಇಲ್ಲ. ಪಾಡ್ಯದ ಸಂಜೆ ಮಹಾಂತೇಶ ನಗರದ ಮನೆಯಲ್ಲಿ ಎಲ್ಲಾ ದೀಪ ಇಟ್ಟಾದ ಮೇಲೆ, ಬಾಗಿಲ ಸಂದಿಯ ಹಸಿರು ಬಕೀಟಿನ ಬಾಜೂಕ ನಾನು ಒಂದು ಹಣತೆ ಇಡುತ್ತೇನೆ. ಹೋದ ವರ್ಷ ನೀಲಿ ಬಕೀಟಿನ ಬಾಜೂಕ ಇಟ್ಟಿದ್ದೆನಂತೆ. ಹೆಂಡತಿ ಬಂದು ನೋಡಿದಳು, ಗಾಳಿಗೆ ಕೈ ಅಡ್ಡ ಹಿಡಿದು, ಹಸಿರಿನ ಕಡೆಗೆ ಸರಿಸಿ ಇಟ್ಟಳು.